ಕಂತಿನ ಮುಖವಾಡ ತೊಟ್ಟ ಸಾಲ

ಆನ್‌ಲೈನ್ ಪದವಿಗೆ ಮಕ್ಕಳನ್ನು ಸೇರಿಸುವ ಪಾಲಕರು ಪಠ್ಯಕ್ರಮವನ್ನು ವಿಚಾರಿಸುತ್ತಾರೆ, ಉದ್ಯೋಗದ ಭರವಸೆಯನ್ನು ಕೇಳುತ್ತಾರೆ. ಸಹಿ ಹಾಕುವ ಕಾಗದವನ್ನು ಮಾತ್ರ ಓದುವುದಿಲ್ಲ. ಮಾರಾಟ ಪ್ರತಿನಿಧಿ ‘ಬಡ್ಡಿಯಿಲ್ಲದ ಕಂತು’ ಎಂದು ಬಣ್ಣಿಸುವುದು ಅನೇಕ ವೇಳೆ ಶುಲ್ಕದ ಕಂತೇ ಅಲ್ಲ, ಬೇರೊಂದು ಹಣಕಾಸು ಸಂಸ್ಥೆ ಪಾಲಕರ ಹೆಸರಿನಲ್ಲಿ ನೀಡಿದ ಸಾಲ. ಶಿಕ್ಷಣ ಕಂಪನಿಗೆ ಹಣ ಮೊದಲೇ ಸಂದಾಯವಾಗಿರುತ್ತದೆ. ವಿದ್ಯಾರ್ಥಿ ಎರಡನೆಯ ತಿಂಗಳಿಗೇ ಬೇಸತ್ತು ಬಿಟ್ಟರೂ ಸಾಲ ಬಿಡುವುದಿಲ್ಲ; ಕಂತು ತಪ್ಪಿದರೆ ಸಿಬಿಲ್ ಅಂಕ ಕುಸಿದು, ನಾಳೆಯ ಗೃಹಸಾಲಕ್ಕೂ ಕುತ್ತು. ನಾಲ್ಕಾಣೆ ಬಡ್ಡಿಗೂ ಲೆಕ್ಕ ಕೇಳುವ ವ್ಯಾಪಾರಿ ಮನೆತನಗಳೂ ಇಲ್ಲಿ ಕಣ್ಣುಮುಚ್ಚಿ ಬೆರಳೊತ್ತುವುದು ಸೋಜಿಗವೇ ಸರಿ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲ ನಿಯಮಗಳಂತೆ, ವಾರ್ಷಿಕ ವೆಚ್ಚದ ದರವನ್ನು ನಮೂದಿಸಿದ ಮುಖ್ಯಾಂಶ ಪತ್ರವನ್ನು ಒಪ್ಪಂದಕ್ಕೆ ಮುನ್ನವೇ ಕೊಡಬೇಕು. ಅದನ್ನು ಕೇಳಿ ಪಡೆಯಬೇಕು.

ಇನ್ನು ಮಾನ್ಯತೆ. ಪದವಿ ನೀಡುವುದು ವಿಶ್ವವಿದ್ಯಾಲಯ, ಆ್ಯಪ್ ಅಲ್ಲ. ಯುಜಿಸಿಯ 2020ರ ನಿಯಮಾವಳಿಯಡಿ ಮಾನ್ಯತೆ ಪಡೆದ ಆನ್‌ಲೈನ್ ಪದವಿ ತರಗತಿಯ ಪದವಿಗೆ ಸಮಾನವೇ. ಆ ಕೋರ್ಸು ಪಟ್ಟಿಯಲ್ಲಿದೆಯೇ ಎಂಬುದನ್ನು ಆಯೋಗದ ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ನೋಡಬಹುದು. ಮಗುವಿಗೆ ಪರದೆಯ ಮುಂದೆ ಕೂತು ಕಲಿಯುವ ತಾಳ್ಮೆಯಿದೆಯೇ ಎಂದು ಅರಿಯಲು 2017ರಲ್ಲಿ ಆರಂಭವಾದ ‘ಸ್ವಯಂ’ ಪಾಠಗಳಿವೆ, ಕಲಿಕೆಗೆ ಶುಲ್ಕವಿಲ್ಲ. ಸಮಾಜದ ವಿದ್ಯಾನಿಧಿಗಳೂ ನೆರವಿನ ಹಣವನ್ನು ವಿಶ್ವವಿದ್ಯಾಲಯದ ಖಾತೆಗೇ, ಸೆಮಿಸ್ಟರಿಗೊಮ್ಮೆ ಪಾವತಿಸಲಿ.