ಕೈ ಊದಿದ್ರೆ ಕೈ ಮಾತ್ರ ನೋಡ್ಬೇಡಿ

ಅಕ್ಕಂದಿರೇ, ಚಿಕ್ಕಮ್ಮಂದಿರೇ, ಪಕ್ಕದ ಮನೆಯೋರೇ, ಈ ಸಲ ಸಾರು-ಪಲ್ಯದ ಮಾತಿಲ್ಲ. ಜಗಳ ಮಾಡೋಕೆ ಬಂದಿದೀನಿ. ಯಾರ ಮೇಲೆ ಅಂದ್ರೆ, ನಮ್ಮ ಮೇಲೇನೇ.

ಹೋದ ತಿಂಗಳು ಶಿಡ್ಲಘಟ್ಟದಲ್ಲಿ ನಮ್ಮ ಸೋದರತ್ತೆ ತಿಥಿ ಆಯ್ತು. ಹಿತ್ತಲಲ್ಲಿ ವಡೆ ಹಾಕ್ತಾ ಕೂತಿದ್ದ ಹೆಂಗಸರಲ್ಲಿ ಒಬ್ರು ಅಂದ್ರು, "ಪಾಪ, ಹದಿನಾಲ್ಕು ವರ್ಷ ವಾತ ವಾತ ಅಂತ ಒದ್ದಾಡಿದ್ಲು. ಕೊನೆಗೆ ಹೋಗಿದ್ದು ನೋಡು, ಹಾರ್ಟಿಂದ. ಎಲ್ಲಿಂದ ಎಲ್ಲಿಗೆ!" ಎಲ್ರೂ ಹೂಂ ಅಂದ್ರು. ಇನ್ನೊಬ್ರು, "ವಾತದಿಂದ ಯಾರೂ ಸಾಯಲ್ಲ ಬಿಡು, ನರಳ್ತಾರೆ ಅಷ್ಟೆ" ಅಂದ್ರು. ನಾನೂ ತಲೆ ಆಡಿಸಿ ಸುಮ್ನಾದೆ. ಮನೆಗೆ ಬಂದ ಮೇಲೆ ಆ ಮಾತು ಗಂಟಲಲ್ಲೇ ಸಿಕ್ಕೊಂಡೈತೆ. ಅದಕ್ಕೆ ಇವತ್ತು ಬರೀತಿದೀನಿ: ಆ ಮಾತು ತಪ್ಪು. ನಾವೆಲ್ಲ ಹೇಳ್ತಾ ಬಂದಿರೋ ಮಾತು ತಪ್ಪು.

ಅತ್ತೆಗೆ 54 ವರ್ಷ. ಮದುವೆಯಾಗಿ ಬಂದಾಗಿನಿಂದ ರೇಷ್ಮೆ ನೂಲು ಬಿಚ್ಚಾಣಿಕೆ, ಬಿಸಿನೀರಿನ ತೊಟ್ಟಿಯಲ್ಲಿ ಕೈ. ನಲವತ್ತಕ್ಕೆ ಬೆರಳು ಊದೋಕೆ ಶುರುವಾದಾಗ "ಬಿಸಿನೀರಲ್ಲಿ ಕೈ ಇಟ್ಟು ಇಟ್ಟು ಹಿಂಗಾಗಿದೆ" ಅಂದ್ವಿ. ಬೆಂಗಳೂರಲ್ಲಿ ತೋರಿಸಿದಾಗ ರುಮಟಾಯ್ಡ್ ಆರ್ಥ್ರೈಟಿಸ್ ಅಂದ್ರು. ಒಂದಷ್ಟು ದಿನ ಔಷಧಿ, ಆಮೇಲೆ ಯಾರೋ ಹೇಳಿದ ಪೊಟ್ಟಣ, ಆಮೇಲೆ ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ. ಆ ರಾತ್ರಿ ದವಡೆ ನೋವು, ಬೆನ್ನು ನೋವು, ಮೈಯೆಲ್ಲ ಬೆವರು. "ಗ್ಯಾಸ್ ಇರ್ಬೇಕು" ಅಂತ ಓಮದ ನೀರು ಕೊಟ್ಟು ಮಲಗಿಸಿದ್ರು. ಬೆಳಗ್ಗೆ ಏಳಲಿಲ್ಲ. ಹದಿನಾಲ್ಕು ವರ್ಷದಲ್ಲಿ ಒಂದು ಇಸಿಜಿ ತೆಗೆಸಿರಲಿಲ್ಲ. ಕೊಲೆಸ್ಟ್ರಾಲ್ ನೋಡಿಸಿರಲಿಲ್ಲ.

ಅತ್ತೆ ಸಾವಿಗೆ ಇದೊಂದೇ ಕಾರಣ ಅಂತ ನಾನು ಹೇಳೋಕಾಗಲ್ಲ. ಆದ್ರೆ ನೋಡ್ಬೇಕಾಗಿತ್ತು, ಯಾರೂ ನೋಡ್ಲಿಲ್ಲ ಅನ್ನೋದನ್ನ ಹೇಳಬಲ್ಲೆ.

ಈ ಕಾಯಿಲೆ ಏನು ಅಂತ ಮೊದಲು ತಿಳ್ಕೊಳ್ಳೋಣ. ಹೊರಗಿನ ರೋಗಾಣು ಬಂದ್ರೆ ಹೊಡೆಯೋಕೆ ಮೈಯಲ್ಲಿ ಒಂದು ಕಾವಲು ಐತಲ್ಲ, ಅದು ದಾರಿ ತಪ್ಪಿ ನಮ್ಮ ಮೈಯನ್ನೇ ಹೊಡೆಯೋದು. ಬೇಲಿಯೇ ಎದ್ದು ಹೊಲ ಮೇಯ್ದಂಗೆ ಅಂತೀವಲ್ಲ, ಹಂಗೆ. ರುಮಟಾಯ್ಡ್, ಲೂಪಸ್, ಸ್ಕ್ಲೀರೋಡರ್ಮಾ, ಬಾಯಿ-ಕಣ್ಣು ಒಣಗಿಸೋ ಷೋಗ್ರೆನ್ಸ್, ಎಲ್ಲ ಒಂದೇ ಜಾತಿ. ಹೆಂಗಸರ ಮೇಲೇ ಇವಕ್ಕೆ ಕಣ್ಣು: ರುಮಟಾಯ್ಡ್ ಗಂಡಸರಿಗಿಂತ ಹೆಂಗಸರಿಗೆ ಎರಡು-ಮೂರು ಪಟ್ಟು ಹೆಚ್ಚು, ಲೂಪಸ್ ಬಂದ ಹತ್ತು ಜನರಲ್ಲಿ ಒಂಬತ್ತು ಜನ ಹೆಂಗಸರು. ಎದ್ದ ಬೇಲಿ ಹೊಲದ ಒಂದು ಮೂಲೆ ಮೇಯ್ದು ಸುಮ್ನಾಗುತ್ತಾ? ಬೆರಳಿನ ಕೀಲಲ್ಲಿ ಕಾಣೋ ಉರಿ ರಕ್ತನಾಳದಲ್ಲೂ ಇರುತ್ತೆ, ಶ್ವಾಸಕೋಶದಲ್ಲೂ ಇರಬಹುದು. ಲೂಪಸ್ ಆದ್ರೆ ಕಿಡ್ನಿಯಲ್ಲೂ ಇರಬಹುದು. ಬೆರಳಿಂದು ಕಣ್ಣಿಗೆ ಕಾಣುತ್ತೆ, ಒಳಗಿಂದು ಕಾಣಲ್ಲ. ಅಷ್ಟೇ ವ್ಯತ್ಯಾಸ.

ರಕ್ತನಾಳದ ಗೋಡೆ ವರ್ಷಗಟ್ಟಲೆ ಹಿಂಗೆ ಉರೀತಾ ಇದ್ರೆ ಒಳಗೆ ಕೊಬ್ಬು ಬೇಗ ಕಟ್ಟುತ್ತೆ. ರುಮಟಾಯ್ಡ್ ಇರೋರಿಗೆ ಹೃದಯದ ಕಾಯಿಲೆ ಬರೋ ಅಪಾಯ ಬೇರೆಯವರಿಗಿಂತ ಒಂದೂವರೆ ಪಟ್ಟು. ಯುರೋಪಿನ ಕೀಲುರೋಗದ ಡಾಕ್ಟರುಗಳ ಸಂಘ, ಇವರ ಹೃದಯದ ಅಪಾಯ ಲೆಕ್ಕ ಹಾಕುವಾಗ ಬಂದ ಅಂಕಿಯನ್ನ 1.5ರಿಂದ ಗುಣಿಸಿ ಅಂತಾನೇ ಹೇಳೈತೆ. ಲೂಪಸ್ ಇನ್ನೂ ಕೆಟ್ಟದ್ದು. ಅಮೆರಿಕದ ಪಿಟ್ಸ್‌ಬರ್ಗಿನ ಲೂಪಸ್ ಹೆಂಗಸರನ್ನ ನೋಡಿ 1997ರಲ್ಲಿ ಬರೆದ ವರದಿಯಲ್ಲಿ, 35ರಿಂದ 44 ವಯಸ್ಸಿನವರಿಗೆ ಹೃದಯಾಘಾತ ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ 50 ಪಟ್ಟು ಹೆಚ್ಚು ಅಂತಿತ್ತು. ಆ ವಯಸ್ಸಲ್ಲಿ ಹೃದಯಾಘಾತ ಯಾರಿಗೂ ಅಪರೂಪವೇ, ಅದಕ್ಕೇ ಪಟ್ಟು ಅಷ್ಟು ದೊಡ್ಡದಾಗಿ ಕಾಣುತ್ತೆ. ಹಂಗಂತ ಕಡೆಗಣಿಸೋ ಮಾತಲ್ಲ.

2021ರ ಅಕ್ಟೋಬರಲ್ಲಿ ಅಪ್ಪು ಹೋದಾಗ ನೆನಪೈತಾ? ಮೂವತ್ತು ವರ್ಷದ ಹುಡುಗರೂ ಹೃದಯದ ಆಸ್ಪತ್ರೆಗಳ ಮುಂದೆ ಕ್ಯೂ ನಿಂತ್ರು. ನಮ್ಮ ಮನೆ ಗಂಡಸರೂ ಹೋಗಿ ಇಸಿಜಿ ತೆಗೆಸ್ಕೊಂಡು ಬಂದ್ರು. ಒಳ್ಳೇದೇ. ಆದ್ರೆ ಅದೇ ಮನೆಯಲ್ಲಿ ಊದಿದ ಬೆರಳಲ್ಲಿ ಮುದ್ದೆ ಕೋಲು ಹಿಡಿಯೋಕಾಗದೆ ಇದ್ದ ಹೆಂಗಸನ್ನ "ನೀನೂ ಬಾ" ಅಂತ ಯಾರು ಕರ್ಕೊಂಡು ಹೋದ್ರು? ಆ ಹೆಂಗಸಾದ್ರೂ "ನಂಗೂ ತೆಗೆಸ್ರೀ" ಅಂದ್ಲಾ? ಇಲ್ಲ. ಯಾಕಂದ್ರೆ ಅವಳಿಗಿರೋದು "ಬರೀ ವಾತ".

ಈಗ ನೀವು ಏನಂತೀರ ನಂಗೊತ್ತು. "ನಮ್ಮ ಕಡೆ ಯಾರಿಗಮ್ಮ ಕೀಲುನೋವಿಲ್ಲ? ಎಲ್ರಿಗೂ ಇಸಿಜಿ ತೆಗೆಸ್ತಾ ಕೂರೋಕಾಗುತ್ತಾ?" ಈ ಮಾತಲ್ಲಿ ನ್ಯಾಯ ಐತೆ. ನಮ್ಮದು ನದಿ ಇಲ್ಲದ ಸೀಮೆ, ಪಾತಾಳದಿಂದ ನೀರು ಎತ್ತೋ ಜನ. ಬಾಗೇಪಲ್ಲಿ, ಗೌರಿಬಿದನೂರು ಕಡೆ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನ ದಾಟೈತೆ. ಅದರಿಂದ್ಲೂ ಸೊಂಟ, ಕತ್ತು, ಮಂಡಿ ಬಿಗಿಯುತ್ತೆ. 2006ರಲ್ಲಿ ಚಿಕೂನ್‌ಗುನ್ಯ ಬಂದಾಗ ರಾಜ್ಯದಲ್ಲಿ ಲಕ್ಷಗಟ್ಟಲೆ ಜನ ಮಲಗಿದ್ರು, ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಕೀಲುನೋವು ಉಳೀತು. ವಯಸ್ಸಿಗೆ ಮಂಡಿ ಸವೆಯೋದು ಬೇರೆ ಐತೆ. ಕನ್ನಡದಲ್ಲಿ ವಾತ, ತೆಲುಗು ಮನೆಗಳಲ್ಲಿ ಕೀಳ್ಳವಾತಂ, ಇಷ್ಟು ಕಾಯಿಲೆಗೂ ಒಂದೇ ಹೆಸರು. ನನ್ನ ಜಗಳ ಇರೋದೇ ಇಲ್ಲಿ. ಹೆಸರು ಒಂದೇ ಆದ್ರಿಂದ ಕಾಯಿಲೆಯೂ ಒಂದೇ ಅಂದ್ಕೊಂಡ್ವಿ.

ಬೇರೆ ಮಾಡೋದು ಕಷ್ಟ ಏನಲ್ಲ. ಎರಡೂ ಕೈಯ ಸಣ್ಣ ಕೀಲುಗಳು ಊದಿ ಬಿಸಿಯಾಗಿದ್ರೆ, ಬೆಳಗ್ಗೆ ಎದ್ದಾಗ ಅರ್ಧ ಗಂಟೆ, ಒಂದು ಗಂಟೆ ಕೈ ಮಡಚೋಕೆ ಆಗದೆ ಇದ್ರೆ, ಅವರೆಕಾಯಿ ಕಾಲದಲ್ಲಿ ಕಾಳು ಹಿದುಕೋಕೆ ಬೆರಳು ಬಗ್ಗದೆ ಇದ್ರೆ, ಇದು ಆರು ವಾರ ದಾಟಿದ್ರೆ, ಅದು ಬರೀ ಸವೆತ ಅಲ್ಲ. ಕೆನ್ನೆ ಮೇಲೆ ಬಿಸಿಲಿಗೆ ಕೆಂಪು ದದ್ದು, ಬಾಯಲ್ಲಿ ಹುಣ್ಣು, ಕೂದಲು ಉದುರೋದು, ಬಿಡದ ಸುಸ್ತು, ಚಳಿಗೆ ಬೆರಳು ಬೆಳ್ಳಗಾಗಿ ಆಮೇಲೆ ನೀಲಿ ತಿರುಗೋದು, ಇವೂ ಸುಳಿವು. ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ ಅಂತ ರಕ್ತ ಪರೀಕ್ಷೆ ಇವೆ. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದ್ರೂ ಕಾಯಿಲೆ ಇರಬಹುದು, ಅಷ್ಟಕ್ಕೇ ಮನೆಗೆ ಬಂದುಬಿಡ್ಬೇಡಿ. ಎಲ್ರಿಗೂ ಇಸಿಜಿ ಬೇಡ. ಈ ಕಾಯಿಲೆ ಇದೆ ಅಂತ ಗೊತ್ತಾದವರಿಗೆ ಬಿಪಿ, ಶುಗರ್, ಕೊಲೆಸ್ಟ್ರಾಲ್, ಹೃದಯ ನೋಡ್ಲೇಬೇಕು ಅಂತ ನಾನು ಹೇಳ್ತಿರೋದು.

ಇನ್ನು ಪೊಟ್ಟಣದ ವಿಷಯ. "ಆ ಊರಲ್ಲಿ ಒಬ್ರು ಪುಡಿ ಕೊಡ್ತಾರೆ, ಮೂರೇ ದಿನಕ್ಕೆ ನೋವು ಮಾಯ." ಮೂರು ದಿನಕ್ಕೆ ಊತ ಇಳಿಸೋ ಹೆಸರಿಲ್ಲದ ಪುಡಿ ಸಿಕ್ರೆ, ಅದ್ರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು ಅಂತ ಮೊದಲು ಅನುಮಾನ ಪಡಿ. ಸ್ಟೀರಾಯ್ಡ್ ಕೆಟ್ಟದ್ದು ಅಂತಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಲ್ಲಿ ಮೊದಲ ಸಲ ಕಾರ್ಟಿಸೋನ್ ಕೊಟ್ಟಾಗ, ಏಳೋಕಾಗದೆ ಇದ್ದ ರುಮಟಾಯ್ಡ್ ಹೆಂಗಸು ಕೆಲವೇ ದಿನದಲ್ಲಿ ಓಡಾಡಿದ್ಲು. 1950ರಲ್ಲಿ ಅದಕ್ಕೆ ನೊಬೆಲ್ ಬಂತು. ಆದ್ರೆ ಅಳತೆ ಇಲ್ಲದೆ ವರ್ಷಗಟ್ಟಲೆ ತಿಂದ್ರೆ ಮುಖ ಊದುತ್ತೆ, ಶುಗರ್ ಬರುತ್ತೆ, ಬಿಪಿ ಏರುತ್ತೆ, ಕಣ್ಣಿಗೆ ಪೊರೆ ಬರುತ್ತೆ, ಮೂಳೆ ಟೊಳ್ಳಾಗುತ್ತೆ. ಬಚ್ಚಲಲ್ಲಿ ಸುಮ್ನೆ ಜಾರಿ ಕೂತವರ ಸೊಂಟ ಮುರಿಯೋದು ಹಿಂಗೇನೇ. ನಾವು ರಾಗಿ ತಿನ್ನೋ ಜನ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೇಲೆ ಕ್ಯಾಲ್ಸಿಯಂ ಐತೆ, ನಿಜ. ಆದ್ರೆ ಸ್ಟೀರಾಯ್ಡ್ ತಿನ್ನೋ ಮೂಳೆಯನ್ನ ಬರೀ ಮುದ್ದೆ ಕಾಯಲ್ಲ. ಇನ್ನೊಂದು ಮಾತು: ಬಹಳ ದಿನ ತಿಂದಿದ್ರೆ ಇದನ್ನ ಓದಿ ಹೆದರಿ ನಾಳೆಯಿಂದ ದಿಢೀರ್ ಬಿಡ್ಬೇಡಿ, ಪ್ರಾಣಕ್ಕೇ ಅಪಾಯ. ಡಾಕ್ಟರ್ ಹೇಳಿದಂಗೆ ನಿಧಾನಕ್ಕೆ ಇಳಿಸ್ಬೇಕು.

ನೋವಿನ ಮಾತ್ರೆಯೂ ಅಷ್ಟೇ. ಕೇಳಿದ ತಕ್ಷಣ ಕೊಡ್ತಾರೆ ಅಂತ ದಿನಾ ನುಂಗಿದ್ರೆ ಹೊಟ್ಟೆ ಹುಣ್ಣು, ಕಿಡ್ನಿ, ಬಿಪಿ, ಹೃದಯ, ನಾಲ್ಕಕ್ಕೂ ಪೆಟ್ಟು. ನೋವು ಮುಚ್ಚುತ್ತೆ, ಕಾಯಿಲೆಯ ಉರಿ ನಿಲ್ಲಲ್ಲ. ಉರಿ ನಿಲ್ಸೋ ಮದ್ದು ಬೇರೆ. ಅದರಲ್ಲಿ ಮೆಥೊಟ್ರೆಕ್ಸೇಟ್ ಅನ್ನೋದನ್ನ ವಾರಕ್ಕೆ ಒಂದೇ ದಿನ ತಗೋಬೇಕು. ಮರೆತು ದಿನಾ ತಗೊಂಡು ಜೀವ ಕಳ್ಕೊಂಡವರಿದಾರೆ. ಕ್ಯಾಲೆಂಡರಲ್ಲಿ ಆ ವಾರಕ್ಕೆ ಸುತ್ತು ಹಾಕಿ. ಲಿವರ್, ರಕ್ತ ಪರೀಕ್ಷೆ ಬಿಡ್ಬೇಡಿ. ಹೈಡ್ರಾಕ್ಸಿಕ್ಲೋರೋಕ್ವಿನ್ ತಗೊಳ್ಳೋರು ಕಣ್ಣು ತೋರಿಸ್ಕೋಬೇಕು.

ಈ ಮದ್ದುಗಳು ಕಾವಲನ್ನ ಸ್ವಲ್ಪ ಮಲಗಿಸುತ್ತೆ, ಅದಕ್ಕೇ ಸೋಂಕು ಸುಲಭ. ಜಗತ್ತಿನ ಕ್ಷಯ ರೋಗಿಗಳಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ನಮ್ಮ ದೇಶದಲ್ಲೇ ಇದಾರೆ. ಎಷ್ಟೋ ಜನರ ಮೈಯಲ್ಲಿ ಅದು ಮಲಗಿರುತ್ತೆ, ಬಲವಾದ ಮದ್ದು ಬಿದ್ದಾಗ ಏಳಬಹುದು. ದೊಡ್ಡ ಇಂಜೆಕ್ಷನ್ ಶುರು ಮಾಡೋ ಮುಂಚೆ ಟಿಬಿ ಪರೀಕ್ಷೆ ಮಾಡಿಸೋದು ಇದಕ್ಕೇನೇ. ಎರಡು ವಾರ ಕೆಮ್ಮು, ಸಂಜೆ ಜ್ವರ, ತೂಕ ಇಳಿಯೋದು ಕಂಡ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಬಿಟ್ಟಿ. ಒಣಕೆಮ್ಮು, ಮೆಟ್ಟಿಲು ಹತ್ತಿದ್ರೆ ಏದುಸಿರು ಅಂದ್ರೆ ಕಾಯಿಲೆ ಶ್ವಾಸಕೋಶಕ್ಕೆ ಇಳಿದಿರಬಹುದು, "ಧೂಳಿಗೆ" ಅಂತ ಬಿಡ್ಬೇಡಿ.

ಹುಳ ಮೇಯಿಸೋ ಮನೆಗಳಲ್ಲಿ ಹುಟ್ಟಿದವರು ನಾವು. ಹುಳಕ್ಕೆ ನಾಲ್ಕು ಜ್ವರ, ಯಾವ ಜ್ವರಕ್ಕೆ ಯಾವ ದಿನ ಹೋಯ್ತು, ಯಾವಾಗ ಎದ್ದೀತು, ಎಲ್ಲ ಬಾಯಲ್ಲೇ ಲೆಕ್ಕ. ಒಂದು ಹುಳ ಸಪ್ಪೆಯಾದ್ರೆ, ಹಾಲುತೊಂಡೆ ಕಂಡ್ರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಮನೆಯ ಹೆಂಗಸಿಗೆ ತಿಂಗಳಿಂದ ಸಂಜೆ ಜ್ವರ ಅಂದ್ರೆ ಲೆಕ್ಕ ಇಡೋರು ಯಾರು? ಅವಳೇ ಇಡಲ್ಲ.

ಹುಡುಗಿಯರ ವಿಷಯ ಹೇಳ್ದೆ ಮುಗಿಸಲ್ಲ. ಲೂಪಸ್ ಬರೋದೇ ಹೆಚ್ಚಾಗಿ 15ರಿಂದ 45ರ ನಡುವೆ. "ಗೊತ್ತಾದ್ರೆ ಮದುವೆ ಆಗಲ್ಲ" ಅಂತ ಮಾತ್ರೆ ಬಚ್ಚಿಟ್ಟು ಕಳಿಸ್ತೀವಿ. ಗಂಡನ ಮನೆಯಲ್ಲಿ ನುಂಗೋಕೆ ಹೆದರಿ ಬಿಡ್ತಾಳೆ, ಕಾಯಿಲೆ ಏಳುತ್ತೆ. ಇಲ್ಲಾ, ಮೆಥೊಟ್ರೆಕ್ಸೇಟ್ ತಗೊಳ್ತಾ ಇರುವಾಗ್ಲೇ ಬಸಿರಾಗ್ತಾಳೆ. ಮಗುವಿಗೆ ಅದು ಆಗಬಾರದ ಮದ್ದು, ಮುಂಚೇನೇ ಬದಲಿಸ್ಬೇಕು. ಕಾಯಿಲೆ ಆರು ತಿಂಗಳು ತಣ್ಣಗಿದ್ದಾಗ, ಡಾಕ್ಟರನ್ನ ಕೇಳ್ಕೊಂಡು ಬಸಿರಾದ್ರೆ ಲೂಪಸ್ ಇರೋ ಎಷ್ಟೋ ಹೆಂಗಸರು ಆರೋಗ್ಯವಾದ ಮಗು ಹೆತ್ತಿದಾರೆ. ಮತ್ತೆ ಮತ್ತೆ ಗರ್ಭ ಇಳಿಯೋ ಸೊಸೆಯರಲ್ಲಿ ಕೆಲವರಿಗೆ ಆಂಟಿಫಾಸ್ಫೋಲಿಪಿಡ್ ಅನ್ನೋ ತೊಂದರೆ ಇರುತ್ತೆ, ರಕ್ತ ಹೆಪ್ಪುಗಟ್ಟೋ ದೋಷ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತೆ. ಆಸ್ಪಿರಿನ್, ಹೆಪಾರಿನ್ ಕೊಟ್ಟು ಎಷ್ಟೋ ಬಸಿರು ಉಳಿಸ್ತಾರೆ. ಅಂಥವಳನ್ನ ಕರ್ಕೊಂಡು ಹರಕೆ ಹೊತ್ತ ಗುಡಿಗಳು ಎಷ್ಟು, ಆಡಿದ ಮಾತುಗಳು ಎಷ್ಟು? ಗುಡಿಗೆ ಹೋಗ್ಬೇಡಿ ಅಂತಿಲ್ಲ. ಮಾತು ನಿಲ್ಲಿಸಿ, ಪರೀಕ್ಷೆ ಮಾಡಿಸಿ.

ಬೈಗುಳ ಬರೀ ನಮಗಲ್ಲ. ಕೈ ಹಿಸುಕಿ ನೋಡಿ ಎರಡು ನಿಮಿಷಕ್ಕೆ ಚೀಟಿ ಬರೆದು ಕಳ್ಸೋ ಡಾಕ್ಟರುಗಳಿಗೂ ಸೇರಬೇಕು. ಕೀಲಿನ ತಜ್ಞರು ಬೇಕಂದ್ರೆ 60 ಕಿಲೋಮೀಟರ್ ಬೆಂಗಳೂರಿಗೆ ಓಡೋ ಹಂಗೆ ಮಾಡಿರೋ ವ್ಯವಸ್ಥೆಗೂ ಸೇರಬೇಕು. ಒಂದು ದಿನದ ಕೂಲಿ, ಬಸ್ಸು, ಪರೀಕ್ಷೆ ದುಡ್ಡು, ಜೊತೆಗೊಬ್ರು, ಸುಲಭ ಅಲ್ಲ ಅಂತ ಗೊತ್ತು. ಆದ್ರೆ ಬಿಪಿ, ಶುಗರ್ ನೋಡೋಕೆ ಬೆಂಗಳೂರು ಬೇಡ, ಊರಿನ ಆರೋಗ್ಯ ಕೇಂದ್ರ ಸಾಕು. ಇಸಿಜಿಗೆ ತಾಲೂಕು ಆಸ್ಪತ್ರೆ ಸಾಕು. ಕಡ್ಡಿಪುಡಿ ಬಿಡೋಕೆ, ಒಸಡು-ಹಲ್ಲು ಚೆನ್ನಾಗಿ ಇಟ್ಕೊಳ್ಳೋಕೆ, ಉಪ್ಪು ಕಮ್ಮಿ ಮಾಡೋಕೆ, ನೋವು ಕಮ್ಮಿ ಇರೋ ಹೊತ್ತಲ್ಲಿ ಅರ್ಧ ಗಂಟೆ ನಡೆಯೋಕೆ ಯಾವ ಚೀಟಿಯೂ ಬೇಡ. ಈ ಕಾಯಿಲೆ ಇರೋರಿಗೆಲ್ಲ ಹೃದಯ ಕೆಡುತ್ತೆ ಅಂತ ನಾನು ಹೆದರಿಸ್ತಿಲ್ಲ. ಉರಿ ಹಿಡಿತದಲ್ಲಿದ್ರೆ ಹೃದಯದ ಅಪಾಯವೂ ಇಳಿಯುತ್ತೆ. ಸರಿಯಾಗಿ ಮದ್ದು ತಗೊಂಡು ಮೊಮ್ಮಕ್ಕಳ ಮದುವೆ ಮಾಡಿದವರೂ ಇದಾರೆ.

ಮುಂದಿನ ಸಲ ಡಾಕ್ಟರ ಮುಂದೆ ಕೂತಾಗ ಕೈ ತೋರಿಸಿ ಎದ್ದು ಬರ್ಬೇಡಿ. "ನನ್ನ ಬಿಪಿ ಎಷ್ಟು? ಕೊಲೆಸ್ಟ್ರಾಲ್ ನೋಡ್ಬೇಕಾ? ಮೂಳೆ ಹೆಂಗೈತೆ? ಈ ಮಾತ್ರೆಯಲ್ಲಿ ಸ್ಟೀರಾಯ್ಡ್ ಐತಾ? ಸೋಂಕಿಗೆ ಲಸಿಕೆ ಯಾವುದು ಹಾಕಿಸ್ಕೋಬೇಕು?" ಅಂತ ಕೇಳಿ. ಕೇಳೋಕೆ ನಾಚಿಕೆ ಆದ್ರೆ ಚೀಟಿಯಲ್ಲಿ ಬರ್ಕೊಂಡು ಹೋಗಿ. ರಾತ್ರಿ ದವಡೆ ಹಿಡಿದು ಬೆವರೋ ಹೆಂಗಸಿಗೆ ಓಮದ ನೀರು ಕಾಯಿಸ್ತಾ ನಿಲ್ಲಬೇಡಿ, 108ಕ್ಕೆ ಫೋನ್ ಮಾಡಿ. ಗ್ಯಾಸೇ ಆಗಿದ್ರೆ ಬೆಳಗ್ಗೆ ಎಲ್ರೂ ಸೇರಿ ನಗೋಣ.

ಅತ್ತೆ ಮನೆ ಗೂಡಲ್ಲಿ ಮಾತ್ರೆ ಡಬ್ಬಿ ಇನ್ನೂ ಐತೆ. ತಿಥಿ ದಿನ ತೆಗೆದು ನೋಡ್ದೆ. ಹತ್ತು ಥರ ನೋವಿನ ಮಾತ್ರೆ, ಎರಡು ಪೊಟ್ಟಣ. ಹೃದಯಕ್ಕೆ ಅಂತ ಒಂದೂ ಇರಲಿಲ್ಲ. ನಿಮ್ಮ ಮನೆ ಡಬ್ಬಿಯನ್ನ ಇವತ್ತು ಸಂಜೆ ಒಂದ್ಸಲ ತೆಗೆದು ನೋಡಿ.