ಮೂರನೆಯ ಕೈ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಪಾನಾ, ಸ್ಕ್ರೂಡ್ರೈವರುಗಳ ವಿಷಯವಾಗಿ ಬರೆಯಹೊರಟಿದ್ದಾನೆಂದು ಕೇಳಿ ನನ್ನ ಮಿತ್ರರು ನಕ್ಕರು. “ಕಾವ್ಯಮೀಮಾಂಸೆ ಓದುವವನಿಗೆ ಗ್ಯಾರೇಜಿನ ಗೊಡವೆ ಏತಕ್ಕಯ್ಯ?” ಎಂದರೊಬ್ಬರು. ಅವರ ನಗೆಯೇ ಈ ಲೇಖನಕ್ಕೆ ಕಾರಣ. ಬುದ್ಧಿಯೆಂಬುದು ಪುಸ್ತಕದಲ್ಲಿರುತ್ತದೆ, ಕೈಯ ಉಪಕರಣದಲ್ಲಿರುವುದು ಬರಿಯ ಕಬ್ಬಿಣ ಎಂಬ ನಂಬಿಕೆ ನಮ್ಮಲ್ಲಿ ಬಹಳ ಜನಕ್ಕಿದೆ. ಅದು ತಪ್ಪೆಂದು ನನ್ನ ಅಭಿಪ್ರಾಯ. ಹಳೆಯ ಸ್ಪೋರ್ಟ್ಸ್ ಕಾರುಗಳ ವಾಲ್ವು ಹೊಂದಿಸುವ ಸಣ್ಣ ಉಪಕರಣಗಳನ್ನೇ ಸಾಕ್ಷಿಯಾಗಿ ಕರೆಯುತ್ತೇನೆ.

ಎಂಜಿನ್ನಿನ ಉಸಿರು ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಇರುವ ಬಾಗಿಲುಗಳೇ ವಾಲ್ವುಗಳು. ಅವನ್ನು ಒತ್ತಿ ತೆರೆಯುವ ರಾಕರ್ ಎಂಬ ತೋಳಿಗೂ ವಾಲ್ವಿನ ತುದಿಗೂ ನಡುವೆ ಒಂದಿಷ್ಟು ಬಿಡುವು ಇರಲೇಬೇಕು. ಕಾದ ಲೋಹ ಹಿಗ್ಗುತ್ತದಷ್ಟೆ. ಬಿಡುವು ಹೆಚ್ಚಾದರೆ ಟಕಟಕ ಸದ್ದು. ವಾಲ್ವು ಪೂರ್ತಿ ತೆರೆಯದು. ಕಡಿಮೆಯಾದರೆ ಸದ್ದಿಲ್ಲ, ಆದರೆ ಬಾಗಿಲು ಪೂರ್ತಿ ಮುಚ್ಚದು. ಮುಚ್ಚಿ ಕುಳಿತಾಗಲೇ ವಾಲ್ವು ತನ್ನ ಕಾವನ್ನು ಪೀಠಕ್ಕೆ ದಾಟಿಸುವುದು. ಸರಿಯಾಗಿ ಕೂರಲಾರದ ವಾಲ್ವು, ಅದರಲ್ಲೂ ಹೊಗೆ ಬಿಡುವ ಕಡೆಯದು, ಸುಟ್ಟುಹೋಗುತ್ತದೆ. ಇಲ್ಲಿ ಸದ್ದಿಗಿಂತ ಮೌನವೇ ಅಪಾಯಕರ. ಈ ಬಿಡುವನ್ನು ಅಳೆಯುವುದಕ್ಕೆ ಫೀಲರ್ ಗೇಜ್ ಎಂಬ ಉಕ್ಕಿನ ತೆಳು ಪಟ್ಟಿಗಳ ಕಟ್ಟು ಬೇಕು.

ಇಂಗ್ಲೆಂಡಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರನ್ನು ನೋಡಿ. ಅದರ ಬಿಡುವು 0.015 ಅಂಗುಲ, ಎಂದರೆ ಸುಮಾರು 0.38 ಮಿಲಿಮೀಟರ್. ವಾಲ್ವುಗಳು ಎಂಟು. ಯಾವ ವಾಲ್ವನ್ನು ಯಾವಾಗ ಹೊಂದಿಸಬೇಕೆಂಬುದಕ್ಕೆ ಕೆಲಸಗಾರರು ಸೊಗಸಾದ ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ: ತೆರೆದಿರುವ ವಾಲ್ವಿನ ಸಂಖ್ಯೆಯನ್ನು ಒಂಬತ್ತರಿಂದ ಕಳೆಯಿರಿ. ಒಂದನೆಯದು ಪೂರ್ತಿ ತೆರೆದಾಗ ಎಂಟನೆಯದು, ಮೂರನೆಯದು ತೆರೆದಾಗ ಆರನೆಯದು. ಇನ್ನು ಕೆಲಸವೋ, ಸ್ಕ್ರೂವನ್ನು ಅಲುಗದಂತೆ ಹಿಡಿಯಲು ಒಂದು ಕೈ, ಅದರ ಮೇಲಿನ ನಟ್ಟನ್ನು ಬಿಗಿಯಲು ಒಂದು ಕೈ, ಪಟ್ಟಿಯನ್ನು ಎಳೆದು ನೋಡಲು ಮತ್ತೊಂದು ಕೈ! ನಟ್ಟು ಬಿಗಿಯುವಾಗ ಸ್ಕ್ರೂ ಒಂದಿಷ್ಟು ತಿರುಗಿತೋ, ಮೊದಲಿನಿಂದ ಶುರು. ದೇವರು ಮನುಷ್ಯನಿಗೆ ಕೊಟ್ಟಿರುವುದು ಎರಡೇ ಕೈ. ಆದಕಾರಣ ಯಾರೋ ಪುಣ್ಯಾತ್ಮರು ಯೋಚಿಸಿ, ನಟ್ಟಿಗೆ ಕೂರುವ ಕೊಳವೆಯ ನಡುವೆ ಸ್ಕ್ರೂಡ್ರೈವರನ್ನು ತೂರಿಸಿದ ಉಪಕರಣವೊಂದನ್ನು ಮಾಡಿದರು. ಅದು ಮೂರನೆಯ ಕೈ.

ಇದು ನಮಗೆ ದೂರದ ಮಾತಲ್ಲ. ಎಂ.ಜಿ.ಬಿ.ಗೂ, ಅದಕ್ಕೆ ಮುಂಚಿನ 1955ರ ಎಂ.ಜಿ.ಎ.ಗೂ ಹಾಕಿದ್ದು ಬಿ.ಎಂ.ಸಿ.ಯವರ ‘ಬಿ ಸೀರೀಸ್’ ಎಂಜಿನ್ನು. ಅದೇ ಮನೆತನದ 1489 ಸಿ.ಸಿ. ಎಂಜಿನ್ನೇ ನಮ್ಮ ಅಂಬಾಸಿಡರನ್ನೂ ದಶಕಗಳ ಕಾಲ ಎಳೆಯಿತು. 2014ರಲ್ಲಿ ತಯಾರಿಕೆ ನಿಂತ ಆ ಕಾರಿನ ಎದೆಯಲ್ಲಿ ಸ್ಪೋರ್ಟ್ಸ್ ಕಾರಿನ ನೆಂಟಸ್ತಿಕೆ ಇತ್ತೆಂದರೆ ಟ್ಯಾಕ್ಸಿ ಹತ್ತಿದವರು ನಂಬಲಿಕ್ಕಿಲ್ಲ.

1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಪೋರ್ಷೆ 911ರದು ಇನ್ನೊಂದು ಕಷ್ಟ. ಗಾಳಿಯಿಂದ ತಂಪಾಗುವ ಆರು ಸಿಲಿಂಡರಿನ ಎಂಜಿನ್ನು, ಕಾರಿನ ಹಿಂಬದಿಯಲ್ಲಿ ಮಲಗಿದೆ. ವಾಲ್ವುಗಳು ಹನ್ನೆರಡು, ಅರ್ಧದಷ್ಟಕ್ಕೆ ಕಾರಿನ ಕೆಳಗಿನಿಂದಲೇ ಕೈ ಹಾಕಬೇಕು. ಎಂಜಿನ್ನು ತಣ್ಣಗಿರುವಾಗ ಬಿಡುವು 0.1 ಮಿಲಿಮೀಟರ್ ಮಾತ್ರ. ಅಷ್ಟು ತೆಳುವಾದ ಪಟ್ಟಿ ಇಕ್ಕಟ್ಟಿನಲ್ಲಿ ಮಡಿಸಿಕೊಳ್ಳುತ್ತದೆ, ಮುರಿಯುತ್ತದೆ. ಅದಕ್ಕೆಂದೇ ಉದ್ದ ಹಿಡಿಯ ತುದಿಯಲ್ಲಿ ಪಟ್ಟಿಯನ್ನು ಸಿಕ್ಕಿಸುವ, ಮುರಿದರೆ ಬದಲಾಯಿಸಬಹುದಾದ ಉಪಕರಣವಿದೆ. 1966ರ ಫಿಯಟ್ 124 ಸ್ಪೈಡರಿನಲ್ಲಿ ಸ್ಕ್ರೂವೇ ಇಲ್ಲ. ಬಟ್ಟಲಿನಂಥ ಟ್ಯಾಪೆಟ್ಟಿನ ಮೇಲೆ ಕೂತ ಬಿಲ್ಲೆಯನ್ನು ತೆಗೆದು ಬೇರೆ ದಪ್ಪದ್ದನ್ನು ಇಡಬೇಕು. ಬಟ್ಟಲನ್ನು ಕೆಳಕ್ಕೆ ಅದುಮಿ ಹಿಡಿಯುವ ಮೀಟುಗೋಲು ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಕ್ಯಾಮ್‌ಶಾಫ್ಟನ್ನೇ ಬಿಚ್ಚುವ ಪಾಡು.

ಇದನ್ನು ಕೇಳಿ “ಕೈಚಳಕವುಳ್ಳವನಿಗೆ ಇಷ್ಟೆಲ್ಲ ಸಲಕರಣೆ ಬೇಡ, ಕುಣಿಯಲಾರದವಳಿಗೆ ನೆಲ ಡೊಂಕು” ಎನ್ನುವವರುಂಟು. ಗಾದೆ ನಿಜ. ಆದರೆ ಕೆಲವು ಸಾರಿ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ನನ್ನ ತಂದೆಯವರು ಚಿಕ್ಕ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದ ಗ್ಯಾರೇಜಿನಲ್ಲಿ ಫೀಲರ್ ಗೇಜ್ ಇರಲಿಲ್ಲ. ಕ್ಷೌರದ ಬ್ಲೇಡಿನ ತುಂಡುಗಳನ್ನು ಒಂದರ ಮೇಲೊಂದಿಟ್ಟು ಅಂದಾಜು ಮಾಡುತ್ತಿದ್ದರು. ಒಂದು ಅಂಬಾಸಿಡರಿನ ಟಕಟಕ ಸದ್ದು ಅಡಗಲೇಬೇಕೆಂದು ಗಿರಾಕಿ ಹಟ ಹಿಡಿದರು, ಸದ್ದು ಅಡಗಿತು, ಕೆಲವು ತಿಂಗಳಿಗೆ ವಾಲ್ವು ಸುಟ್ಟಿತು. ಸಂಬಳ ಕಡಿತವಾದದ್ದು ತಂದೆಯವರದು. “ನಿನ್ನ ಕೈಗುಣ ಸರಿಯಿಲ್ಲ” ಎಂಬ ಮಾತು ಬೇರೆ. ಕೈಗುಣ ಸರಿಯಾಗಿಯೇ ಇತ್ತು. ಇಲ್ಲದಿದ್ದುದು ಆ ಉಕ್ಕಿನ ಪಟ್ಟಿ. ಮುಂದೆ ಅವರು ತಮ್ಮ ದುಡ್ಡಿನಲ್ಲಿಯೇ ಒಂದು ಗೇಜ್ ಕೊಂಡರು. ಇಂದಿಗೂ ಅದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಡುತ್ತಾರೆ.

ಉಪಕರಣ ಬಂದರೆ ಕುಶಲತೆ ಬೇಡವೆಂದೂ ಅಲ್ಲ. ಪಟ್ಟಿಯನ್ನು ಎಳೆದಾಗ ಅದು ಎಷ್ಟು ತಡೆಯಬೇಕೆಂಬುದನ್ನು ಬೆರಳೇ ಕಲಿಯಬೇಕು. ಯಾವ ಪುಸ್ತಕವೂ ಅದನ್ನು ಪೂರ್ತಿ ಹೇಳಲಾರದು. ಆದರೆ ಬೆರಳು ಕಲಿಯುವುದು ಸರಿಯಾದ ಪಟ್ಟಿಯಿಂದಲೇ. ಹಿಂದಿನವರು ಪಟ್ಟ ಪಾಡೆಲ್ಲ ಮುಂದಿನವನಿಗೆ ಬೇಡವೆಂದು ಉಕ್ಕಿನಲ್ಲಿ ಬರೆದಿಟ್ಟ ಪಾಠವೇ ಉಪಕರಣ. ಹಾಗಿದ್ದ ಮೇಲೆ ಅದಕ್ಕೂ ಗ್ರಂಥಕ್ಕೂ ಜಾತಿಭೇದವೇಕೆ?

ಯಂತ್ರವನ್ನು ಮಾರಿ, ಅದನ್ನು ರಿಪೇರಿ ಮಾಡುವ ಉಪಕರಣವನ್ನೂ ಕೈಪಿಡಿಯನ್ನೂ ತನ್ನಲ್ಲೇ ಬಚ್ಚಿಡುವ ತಯಾರಕನು ಅರ್ಧ ಯಂತ್ರವನ್ನಷ್ಟೇ ಮಾರಿದಂತೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಕಾರುಗಳ ವಿಷಯದಲ್ಲಿ ಈ ಹಕ್ಕಿನ ಪರವಾಗಿ ಮತ ಹಾಕಿದರು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ಇದಕ್ಕಾಗಿ ಸಮಿತಿಯೊಂದನ್ನು ನೇಮಿಸಿತು. ಇವು ಒಳ್ಳೆಯ ಹೆಜ್ಜೆಗಳು. ಆದರೆ ಊರೂರಿನ ಗ್ಯಾರೇಜಿನ ಹುಡುಗನ ಕೈಗೆ ಗೇಜ್ ಬಂದಾಗಲೇ ಅವು ಸಾರ್ಥಕ.

ನಮ್ಮಂಥವರು ಮಾಡಬಹುದಾದದ್ದೂ ಒಂದಿದೆ. ಕೊಳ್ಳಲಾರದವನಿಗೆ ಪುಸ್ತಕ ಎರವಲು ಕೊಡಲು ಗ್ರಂಥಾಲಯವಿದೆ. ಅದರಂತೆಯೇ ಎರವಲು ಕೊಡುವ ಉಪಕರಣಗಳ ಒಂದು ಬೀರು ಪ್ರತಿ ಊರಿನಲ್ಲಿಯೂ ಏಕಿರಬಾರದು? ಅದರ ಲೆಕ್ಕದ ಪುಸ್ತಕ ಬರೆಯುವುದಕ್ಕೆ, ಇಂಗ್ಲಿಷಿನ ಕೈಪಿಡಿಯನ್ನು ಕನ್ನಡದಲ್ಲಿ ತಿಳಿಯಹೇಳುವುದಕ್ಕೆ ಬಿ.ಎ. ಓದಿದವರು ಬೇಕೇ ಬೇಕು. ಕಾವ್ಯಮೀಮಾಂಸೆ ಓದಿದ ನನ್ನ ಮಿತ್ರರು ಆ ದಿನ ನನ್ನ ಜೊತೆಗೆ ಬಂದು ಕೈ ಜೋಡಿಸಲೆಂದು ವಿನಂತಿಸುತ್ತೇನೆ.