ಮುದಿ ನಾಯಿಯ ಹಿಂಗಾಲು

ಅಜ್ಜಿಗೆ ಮಂಡಿ ಹಿಡಿದರೆ ಮೂಳೆ ಡಾಕ್ಟರರ ಬಳಿ ಕರೆದೊಯ್ಯುವ ಮನೆಯವರೇ, ನಾಯಿ ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟರೆ ‘ವಯಸ್ಸಾಯ್ತಲ್ಲ, ಪಾಪ’ ಎಂದು ಸುಮ್ಮನಾಗುತ್ತಾರೆ. ಕೇಳಲು ಕರುಣೆಯ ಮಾತು. ನನಗಂತೂ ಅದು ಅಲಕ್ಷ್ಯಕ್ಕೆ ನಾವು ಹುಡುಕಿಕೊಂಡ ನೆಪವಾಗಿಯೇ ಕಾಣುತ್ತದೆ. ನಡೆಯಲಾರದ ಮುದಿ ನಾಯಿಗೆ ಬಹುಮಟ್ಟಿಗೆ ಇರುವುದು ನೋವು. ನೋವಿಗೆ ಮದ್ದುಂಟು.

ನೋವಾದರೆ ನಾಯಿ ಕುಂಯ್‌ಗುಡುತ್ತದೆ ಎಂದು ನಂಬಿದ್ದೇವೆ. ಕಾಲು ತುಳಿದರೆ ಹೌದು. ಕೀಲಿನ ಮೃದು ಎಲುಬು ವರ್ಷಗಟ್ಟಲೆ ಸವೆದು ಬರುವ ನೋವನ್ನು ಅದು ನುಂಗಿಕೊಳ್ಳುತ್ತದೆ. ನಾವು ಗಮನಿಸಬೇಕಾದದ್ದು ನಡವಳಿಕೆಯನ್ನು. ಮಲಗಿ ಎದ್ದಾಗ ಮೊದಲ ಹೆಜ್ಜೆಗಳು ಬಿಗಿ, ಆಮೇಲೆ ಸಲೀಸು. ಕಾರು ಹತ್ತಲು ಹಿಂಜರಿಕೆ. ಒಂದೇ ಕೀಲನ್ನು ಮತ್ತೆ ಮತ್ತೆ ನೆಕ್ಕುವುದು, ಸೊಂಟ ಸವರಿದರೆ ಗುರ್ ಎನ್ನುವುದು, ಹಿಂದೊಡೆಯ ಮಾಂಸ ಕರಗುವುದು. ‘ಈಗ ಸಾಧುವಾಗಿದೆ, ಮೊದಲಿನ ಪುಂಡಾಟವಿಲ್ಲ’ ಎಂದು ನಾವು ಮೆಚ್ಚಿಕೊಳ್ಳುವ ನಾಯಿ ಎಷ್ಟೋ ಸಲ ನೋವಿಗೆ ಹೆದರಿ ಮಲಗಿರುತ್ತದೆ.

ಎಲ್ಲ ಕುಂಟೂ ಒಂದೇ ಅಲ್ಲ. ಜರ್ಮನ್ ಶೆಫರ್ಡ್‌ನಂಥ ತಳಿಗಳಲ್ಲಿ ಇಳಿವಯಸ್ಸಿಗೆ ಬೆನ್ನುಹುರಿಯೇ ಕ್ಷೀಣಿಸುವ ಒಂದು ಕಾಯಿಲೆಯುಂಟು. ಹಿಂಗಾಲಿನ ಪಾದ ಮಡಚಿ ನೆಲಕ್ಕೆ ಉಜ್ಜುತ್ತದೆ, ಉಗುರು ಸವೆಯುತ್ತದೆ, ನೋವು ಮಾತ್ರ ಇರುವುದಿಲ್ಲ. ಅದನ್ನು ಗುಣಪಡಿಸುವ ಔಷಧಿಯಿಲ್ಲ. ಇದಕ್ಕೂ ಕೀಲುನೋವಿಗೂ ‘ವಯಸ್ಸು’ ಎಂಬ ಒಂದೇ ಹೆಸರಿಟ್ಟರೆ, ಮದ್ದಿರುವ ನಾಯಿಯೂ ಮದ್ದಿಲ್ಲದೆ ನರಳಬೇಕಾಗುತ್ತದೆ.

ಕೀಲು ಸವೆಯುವುದರಲ್ಲಿ ನಮ್ಮ ಪ್ರೀತಿಯ ಪಾಲೂ ಇದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾವಿನವರೆಗೆ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಒಡಹುಟ್ಟಿದ ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇ. 25ರಷ್ಟು ಕಡಿಮೆ ಊಟ. ಕಡಿಮೆ ಉಂಡ ಗುಂಪಿನಲ್ಲಿ ಅರ್ಧ ನಾಯಿಗಳು 13 ವರ್ಷ ದಾಟಿದವು. ಇನ್ನೊಂದು ಗುಂಪಿನಲ್ಲಿ ಆ ವಯಸ್ಸು 11.2. ಅರ್ಧ ನಾಯಿಗಳಿಗೆ ಕೀಲುನೋವಿನ ದೀರ್ಘ ಚಿಕಿತ್ಸೆ ಬೇಕಾಗುವ ಹೊತ್ತಿಗೆ ಹೆಚ್ಚು ಉಂಡವಕ್ಕೆ 10.3 ವರ್ಷ, ಕಡಿಮೆ ಉಂಡವಕ್ಕೆ 13.3. ಕಾಫಿ ಜೊತೆಗಿನ ಆ ಬಿಸ್ಕತ್ತನ್ನು ನಾಯಿ ಕೇಳುತ್ತದೆ, ನಿಜ. ಕೊಡಲೇಬೇಕೆಂದು ಯಾರು ಹೇಳಿದರು?

ಇನ್ನೊಂದು ನಮ್ಮ ನೆಲ. ಮಣ್ಣಿನಲ್ಲಿ ಉಗುರು ಊರಿ ಏಳುವ ಪ್ರಾಣಿ ಹೊಳೆಯುವ ಟೈಲ್ಸಿನ ಮೇಲೆ ಹಿಂಗಾಲು ಇಬ್ಬದಿಗೂ ಜಾರಿ ಕುಸಿಯುತ್ತದೆ. ಒಮ್ಮೆ ಜಾರಿ ಹೆದರಿದ ನಾಯಿ ಏಳಲು ಯತ್ನಿಸುವುದೇ ಕಡಿಮೆಯಾಗುತ್ತದೆ, ಸ್ನಾಯು ಇನ್ನಷ್ಟು ಸೊರಗುತ್ತದೆ. ಜಾರದ ರಬ್ಬರ್ ಮ್ಯಾಟು, ಕತ್ತರಿಸಿದ ಉಗುರು, ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪವೇ ನಡಿಗೆ: ಇವು ದುಬಾರಿಯವಲ್ಲ.

‘ನಾಯಿಗೆ ಇಷ್ಟೆಲ್ಲ ಬೇಕೆ, ಪ್ರಕೃತಿಗೆ ಬಿಡಬಾರದೆ’ ಎನ್ನುವವರಿದ್ದಾರೆ. ಲಸಿಕೆ ಹಾಕಿಸಿ, ಅನ್ನವಿಟ್ಟು ಅದರ ಆಯಸ್ಸು ಹೆಚ್ಚಿಸಿದವರು ನಾವು. ಮುಪ್ಪು ಬಂದ ಮೇಲೆ ಪ್ರಕೃತಿಯ ಹೆಸರೆತ್ತುವುದು ಸರಿಯಲ್ಲ. ಹಣದ ಕಷ್ಟ ನಿಜವಾದದ್ದು, ಅದನ್ನು ಅಲ್ಲಗಳೆಯಲಾರೆ. ಆದರೆ ಹಣ ಉಳಿಸಲೆಂದು ಮನೆಯಲ್ಲಿರುವ ಐಬುಪ್ರೊಫೆನ್ನೋ ಡೈಕ್ಲೊಫೆನಾಕೋ ನುಂಗಿಸಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಮೂತ್ರಪಿಂಡ ಕೆಡುತ್ತದೆ. ನಾಯಿಗೆ ಹೊಂದುವ ನೋವಿನ ಮಾತ್ರೆಗಳಿವೆ. ತೂಕ ನೋಡಿ ಬರೆದುಕೊಡಬೇಕಾದವರು ಪಶುವೈದ್ಯರು.

ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೇ ಶತಮಾನದ ಶಾಸನ ನಮಗೆಲ್ಲ ಹೆಮ್ಮೆಯದು. ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಾಳಿ ಕಸುವಿದ್ದಾಗಲೇ ಸತ್ತಿತು ಎಂಬುದನ್ನೂ ಮರೆಯಬಾರದು. ಗೇಟಿನವರೆಗೆ ಓಡಲಾರದ ನಾಯಿಯ ವಿಷಯದಲ್ಲಿ ನಮ್ಮ ಗೌರವ ಅಷ್ಟು ದೂರ ಹೋಗುವುದಿಲ್ಲ. ಊರಾಚೆ ಇಳಿಸಿ ಬರುವವರೂ ಇದ್ದಾರೆ. ಹಸಿದು ಬಾಯಾರಿ ನರಳುವಂತೆ ಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ಆ ಕಾಯಿದೆ ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ.